ಬದಲಿ ಅಕ್ಷರದ ಸಾಕ್ಷಿ: ಒಂಬತ್ತನೆಯ ಕಂತು

ಪ್ರಿಂಟರು ಕೆಮ್ಮಿತು, ನರಳಿತು, ಕೊನೆಗೂ ಒಂದು ಹಾಳೆಯನ್ನು ಹೊರಕ್ಕೆ ದಬ್ಬಿತು.

"ನೋಡ್ರಿ ಅಕ್ಕಾರ, ನಿಮ್ಮ ಪ್ರೋಗ್ರಾಮಿನ ಕರಾಮತ್ತು!" ಎಂದು ವೀರೇಶ ಅದನ್ನು ಎರಡೂ ಕೈಯಲ್ಲಿ ಹಿಡಿದು ಶಿವಕುಮಾರಿಯ ಮುಂದೆ ಚಾಚಿದ.

ಜವಳಗೇರಾದ ಬಸ್ ನಿಲ್ಲುವ ಜಾಗದ ಎದುರಿಗೇ ವೀರೇಶನ ಅಂಗಡಿ. ಅರ್ಜಿ, ಬಾಂಡು, ಕರಾರುಪತ್ರ ಬರೆಯುವುದು ಅವನ ಕಸುಬು. ಈಗ ಬರೆದದ್ದು ಮಾತ್ರ ಶಾವಲಿ ಚಾಚಾನ ಮಗಳ ನಿಕಾಹ್ ಪತ್ರಿಕೆಯ ಕಚ್ಚಾ ಪ್ರತಿ. ಮೇಲೆ ಕನ್ನಡ, ಕೆಳಗೆ ಎರಡು ಸಾಲು ಉರ್ದು.

ಶಿವಕುಮಾರಿ ಬಂದದ್ದು ಇದಕ್ಕಲ್ಲ. ಮಸ್ಕಿಯ ಹಿರಿಯ ಬಾಂಡ್ ರೈಟರ್ ಕರಿಬಸಪ್ಪನಿಗೆ ಈ ಕಡೆ ಯಾರು ಯಾರ ಗುರುತಿತ್ತು ಎಂದು ಕೇಳಲು. ಆದರೂ ಮದುವೆಯ ಕಾಗದವನ್ನು ಯಾರಾದರೂ ಮುಂದೆ ಹಿಡಿದರೆ 'ಛಲೋ ಬಂದೈತಿ' ಎನ್ನದೆ ಇರಲಾಗುತ್ತದೆಯೆ? ಹೇಳಲೆಂದೇ ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು.

ಉರ್ದು ಸಾಲಿನ ಕೊನೆಯಲ್ಲಿ 'ಯೇ' ಅಕ್ಷರದ ಬಾಲ ನಡುವೆ ಕೂದಲೆಳೆಯಷ್ಟು ತುಂಡಾಗಿತ್ತು.

ಕಣ್ಣಿಗೆ ಹತ್ತಿರ ಹಿಡಿದಳು. ಇನ್ನೊಂದು ಸಾಲಿನಲ್ಲೂ ಅದೇ ಬಾಲ, ಅದೇ ಜಾಗದಲ್ಲಿ ಅದೇ ಕಚ್ಚು.

ಕರಿಬಸಪ್ಪ ಕಾಣೆಯಾಗಿ ಇಂದಿಗೆ ಹನ್ನೊಂದು ದಿನ. ಅವನ ಹೆಸರಿನಲ್ಲಿ ಮನೆಗೆ ಬಂದ ಸಹಿಯಿಲ್ಲದ ಕಾಗದ ಲಿಂಗಸುಗೂರಿನ ಟೈಪಿಂಗ್ ಅಂಗಡಿಯ ಆಸೀಫನ ಕಂಪ್ಯೂಟರಿನಿಂದಲೇ ಹೊರಟದ್ದು ಎಂದು ಬರೆದುಕೊಟ್ಟವಳು ಈ ಶಿವಕುಮಾರಿ. ಅವಳ ಆ ಮಾತಿನ ಮೇಲೆಯೇ ಆಸೀಫ ಪೊಲೀಸರ ವಶಕ್ಕೆ ಹೋಗಿ ನಾಲ್ಕು ದಿನ.

ಹಾಗೆ ಬರೆಯಲು ಅವಳಿಗಿದ್ದ ಆಧಾರ ಈ ಕತ್ತರಿಸಿದ ಬಾಲವೇ. ಆಸೀಫನ ಅಜ್ಜ ಗೌಸ್‌ಸಾಬ್ ಒಂದು ಕಾಲಕ್ಕೆ ಉರ್ದು ಬರವಣಿಗೆಗೆ ಹೆಸರಾದವನು. ಆತ ತೀರಿಕೊಂಡ ಮೇಲೆ ಮೊಮ್ಮಗ ಅಜ್ಜನ ಕೈಬರಹವನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಫಾಂಟ್ ಕಟ್ಟಿದ. 'ಯೇ' ಬರೆದಿದ್ದ ಹಳೆಯ ಕಾಗದ ಅಲ್ಲಿಗೇ ಮಡಚಿತ್ತು. ಮಡಿಕೆಯ ಗೆರೆ ಅಕ್ಷರದೊಳಗೆ ಸೇರಿಹೋಯಿತು. ಅಜ್ಜನ ಕಾಗದ ಇದ್ದಂತೆಯೇ ಇರಲಿ ಎಂದು ಹುಡುಗ ಅದನ್ನು ತಿದ್ದಲಿಲ್ಲ. ಅಂಥ ಅಕ್ಷರ ಜಗತ್ತಿನಲ್ಲಿ ಆಸೀಫನ ಅಂಗಡಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು ಶಿವಕುಮಾರಿ ಜಂಬದಿಂದ ಬರೆದಿದ್ದಳು. ಈಗ ಅದು ಜವಳಗೇರಾದಲ್ಲಿ ನಿಕಾಹ್ ಪತ್ರಿಕೆಯ ಮೇಲೆ ಕೂತು ಅವಳನ್ನೇ ನೋಡುತ್ತಿತ್ತು.

"ವೀರೇಶ, ಈ ಫಾಂಟ್ ಎಲ್ಲಿಂದ ಹಾಕ್ಕೊಂಡಿ?"

"ಯಾವ ಫಾಂಟ್ರಿ? ನಾ ಏನೂ ಹಾಕಿಲ್ಲ. 'ಬಯಲು' ತೆಗದೆ, ಬರದೆ, ಬಂತು. ನೀವಽ ಮಾಡಿದ್ದಲ್ಲೇನ್ರಿ ಅದು?"

ಅವಳೇ ಮಾಡಿದ್ದು. ಡಿಟೆಕ್ಟಿವ್ ಕೆಲಸಕ್ಕೆ ಇಳಿಯುವ ಮುಂಚೆ ಸಿಂಧನೂರಿನಲ್ಲಿ ಕೂತು ಅವಳು ಬರೆದ ಪ್ರೋಗ್ರಾಮು 'ಬಯಲು'. ತೆರೆದರೆ ಬರೀ ಬಿಳಿ ಪರದೆ. ಗುಂಡಿಯಿಲ್ಲ, ಪಟ್ಟಿಯಿಲ್ಲ, ಅಕ್ಷರದ ಶೈಲಿ ಆರಿಸುವ ರಗಳೆಯೂ ಇಲ್ಲ. ಅರ್ಜಿ ಬರೆಯುವವರಿಗೆ ಬೇಕಾದದ್ದು ಅಷ್ಟೇ ಎಂಬುದು ಅವಳ ವಾದ.

ಆದರೆ ಒಂದೇ ಫಾಂಟಿನಲ್ಲಿ ಎಲ್ಲ ಲಿಪಿ ಇರುವುದಿಲ್ಲ. ಕನ್ನಡದ ಫಾಂಟಿನಲ್ಲಿ ಉರ್ದು ಸಿಗದಿದ್ದರೆ ಖಾಲಿ ಡಬ್ಬಿಗಳು ಮೂಡುತ್ತವೆ. ಹಾಗಾಗಬಾರದೆಂದು ಪ್ರೋಗ್ರಾಮು, ಮನೆಯಲ್ಲಿ ಸಕ್ಕರೆ ಮುಗಿದಾಗ ಪಕ್ಕದ ಮನೆಗೆ ಬಟ್ಟಲು ಹಿಡಿದುಕೊಂಡು ಹೋದಂತೆ, ಇನ್ನೊಂದು ಫಾಂಟಿನಿಂದ ಅಕ್ಷರ ತಂದುಕೊಳ್ಳುತ್ತದೆ. ಮೊದಲು ತನ್ನೊಳಗೆ ಹುಡುಕುತ್ತದೆ, ಸಿಗದಿದ್ದರೆ ಆ ಕಂಪ್ಯೂಟರಿನಲ್ಲಿ ಏನಿದೆಯೋ ಅದನ್ನು ಬಳಸುತ್ತದೆ. ಯಾರ ಮನೆಯಿಂದ ತಂದೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಬರೆಯುವವರಿಗೆ ಅದೆಲ್ಲ ಯಾಕೆ ಎಂದು ತೀರ್ಮಾನ ಮಾಡಿದವಳೂ ಶಿವಕುಮಾರಿಯೇ.

ಎರಡು ವರ್ಷದ ಹಿಂದೆ ಮಸ್ಕಿಯಲ್ಲಿ ಬಾಂಡ್ ರೈಟರುಗಳಿಗೆ ಒಂದು ದಿನದ ತರಬೇತಿ ಕೊಟ್ಟಾಗ 'ಬಯಲು' ಪ್ರೋಗ್ರಾಮಿನ ಮೊದಲ ನಕಲನ್ನು ಕರಿಬಸಪ್ಪನ ಕೈಗೆ ಕೊಟ್ಟಿದ್ದಳು. ಆ ನಕಲಿನ ಹೊಟ್ಟೆಯೊಳಗೆ ಆಸೀಫನ ಫಾಂಟ್ ಇತ್ತು. "ಅಕ್ಕಾ, ಅಜ್ಜನ ಅಕ್ಷರ ನಾಕು ಮಂದಿ ಬಳಸಲಿ" ಎಂದು ಅವನೇ ಪ್ರೀತಿಯಿಂದ ಕೊಟ್ಟದ್ದು. ಆಮೇಲೆ ಪ್ರೋಗ್ರಾಮು ಬಹಳ ಭಾರವಾಯಿತು, ಹಗುರ ಇರಬೇಕು ಎಂಬ ಹಟಕ್ಕೆ ಬಿದ್ದು ಅವಳು ಫಾಂಟನ್ನು ಕಿತ್ತು ಹಾಕಿದಳು. ಹೊಸದು ಬಂದ ಮೇಲೆ ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದುಕೊಂಡಳು.

"ಹೊಸಾದು ಹಾಕ್ಕೊಳ್ಳಾಕ ಎರಡು ಸಲ ಮೆಸೇಜ್ ಕಳಿಸಿದ್ನಲ್ಲೋ?"

ವೀರೇಶ ಹಲ್ಲು ಕಿರಿದ. "ಕಳಿಸಿದ್ರಿ, ಖರೇ. ಆದ್ರ ಇದು ಮಸ್ಕಿ ಕರಿಬಸಪ್ಪ ಮಾಮಾ ತನ್ನ ಕೈಲೆ ಕೊಟ್ಟದ್ರಿ. ಹೆಂಗ ತೆಗೀಲಿ?"

ಅವನ ಕಂಪ್ಯೂಟರಿನ ಪಕ್ಕದ ಗೂಡಿನಲ್ಲಿ ಒಂದು ಪೆನ್‌ಡ್ರೈವ್‌ಗೆ ವಿಭೂತಿ ಹಚ್ಚಿ ಇಟ್ಟಿತ್ತು. ಈ ಭಾಗದ ಬಾಂಡ್ ರೈಟರುಗಳ ರೂಢಿ ಅದು. ಮೊದಲೆಲ್ಲ ಹೊಸದಾಗಿ ಕಸುಬಿಗೆ ಕೂರುವವನು ಹಿರಿಯನ ಕೈಯಿಂದ ಮಸಿಯಲ್ಲಿ ಅದ್ದಿ ಬರೆಯುವ ಒಂದು ಟಾಕು ಇಸಿದುಕೊಂಡು, ಮೊದಲ ಅರ್ಜಿಯನ್ನು ಅದರಿಂದಲೇ ಬರೆಯುತ್ತಿದ್ದ. ಟಾಕು ಸವೆದರೂ ಎಸೆಯುತ್ತಿರಲಿಲ್ಲ. ಈಗ ಟಾಕಿನ ಜಾಗಕ್ಕೆ ಪೆನ್‌ಡ್ರೈವ್ ಬಂದಿದೆ, ಅಷ್ಟೇ ವ್ಯತ್ಯಾಸ.

"ಎಷ್ಟು ಮಂದಿಗೆ ಕೊಟ್ಟಾನ ಮಾಮಾ?"

"ಎಣಿಸಿದವರ‍್ಯಾರ್ರಿ? ಇಲ್ಲಿಂದ ಮುದಗಲ್ ತನಕ ಅವನ ಕೈಯಾಂದಽ ಎಲ್ಲಾರ ಕಡೆ ಐತಿ. ನನ್ನ ಕಡೆಯಿಂದ ಮೂರು ಮಂದಿ ತಗೊಂಡಾರ." ವೀರೇಶ ಅವಳ ಮುಖ ನೋಡಿ ಗಾಬರಿಯಾದ. "ಯಾಕ್ರಿ ಅಕ್ಕಾರ? ನೀರು ತರ್ಲೇನ್ರಿ?"

ಬೇಡವೆಂದು ಕೈಯಾಡಿಸಿದಳು. ಕೇಳಬೇಕಾದದ್ದು ಇಷ್ಟೇ ಇತ್ತು. ನಾಲ್ಕು ದಿನದ ಹಿಂದೆ ಒಂದು ಬಸ್ ಹತ್ತಿ ಬಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಆಸೀಫನ ಕಂಪ್ಯೂಟರ್ ನೋಡಿದಳು, ತನ್ನ ಹೊಸ ಕಂಪ್ಯೂಟರ್ ನೋಡಿದಳು, ಅಲ್ಲಿ ಇದೆ, ಇಲ್ಲಿ ಇಲ್ಲ ಎಂದು ಹತ್ತು ನಿಮಿಷದಲ್ಲಿ ಬರೆದು ಸಹಿ ಹಾಕಿದಳು. ಪಕ್ಕದಲ್ಲಿ ನಿಂತಿದ್ದ ಪೊಲೀಸರು ವಾಹ್ ಎಂದಾಗ ಅವಳಿಗೆ ಕೊಂಬು ಮೂಡಿತ್ತು.

ಸಿಂಧನೂರಿನಲ್ಲಿ ಬಸ್ ಬದಲಿಸುವಾಗ ಶಿವಕುಮಾರಿ ತನಿಖೆ ನಡೆಸುತ್ತಿದ್ದ ಪಿಎಸ್‌ಐ ಶಿವಕಾಂತನಿಗೆ ಫೋನ್ ಮಾಡಿದಳು. ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು.

"ಅಂದ್ರ ನಿಮ್ಮ ರಿಪೋರ್ಟ್ ಸುಳ್ಳಂತೀರೇನ್ರಿ ಮೇಡಂ?"

"ಸುಳ್ಳಲ್ರಿ. ತಪ್ಪು."

"ನಮಗ ಎರಡೂ ಒಂದಽ ಆತ್ರಿ. ಕರಿಬಸಪ್ಪ ಕೊನಿಗೆ ಕಂಡದ್ದು ಆಸೀಫನ ಅಂಗಡಿ ಮುಂದ. ಕಾಗದ ಅವನ ಅಂಗಡೀದಲ್ಲ ಅಂದ್ರ ಮತ್ಯಾರದು?"

"ಅದು ನನಗಿನ್ನೂ ಗೊತ್ತಾಗಿಲ್ರಿ."

"ನಾಳೆ ಕಸ್ಟಡಿ ಮುಗೀತೈತಿ, ಹನ್ನೊಂದಕ್ಕ ಹುಡುಗನ್ನ ಮತ್ತ ಕೋರ್ಟಿಗೆ ಒಯ್ಯಬೇಕು. ಬರೀ 'ನಂದು ತಪ್ಪಾತು' ಅಂತ ಒಂದು ಚೀಟಿ ಕೊಟ್ರ ಸಾಹೇಬ್ರು ಬಿಡಂಗಿಲ್ರಿ. ಯಾರ ಕಂಪ್ಯೂಟರ್ ಅಂತ ಬರದು ಕೊಡ್ರಿ, ನಾ ಇವತ್ತಽ ಬಿಡಸ್ತೀನಿ. ಈಗ ಇಡ್ತೀನ್ರಿ, ಕಾಲುವಿ ಕಡೆ ಹೊಂಟೀನಿ."

ಫೋನ್ ಇಟ್ಟಾಯಿತು. ಲಿಂಗಸುಗೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಎರಡೂ ಬದಿಗೆ ಭತ್ತದ ಹಸಿರು. ಸದಾ ಕಣ್ಣು ತಣಿಸುತ್ತಿದ್ದ ಹಸಿರು ಇಂದು ಅವಳಿಗೆ ಬೇಡವಾಗಿತ್ತು.

ಮಸ್ಕಿಯಲ್ಲಿ ಬಸ್ಸು ಐದು ನಿಮಿಷ ನಿಂತಿತು. ರಸ್ತೆಯ ಆಚೆ ಬೇವಿನ ಮರದ ಕೆಳಗೆ ಕರಿಬಸಪ್ಪನ ಮೇಜು ಹಾಗೆಯೇ ಇತ್ತು. ಅಪ್ಪನ ಜಾಗವನ್ನು ಯಾರೂ ಹಿಡಿಯಬಾರದೆಂದು ಮಗಳು ವಿಜಯಶ್ರೀ ದಿನವೂ ಬಂದು ಆ ಕುರ್ಚಿಯಲ್ಲಿ ಕೂರುತ್ತಾಳೆ ಎಂದು ಯಾರೋ ಹೇಳಿದ್ದರು. ನಿಜ. ಕೂತಿದ್ದಳು, ಬಸ್ಸುಗಳ ಕಡೆ ನೋಡುತ್ತಿದ್ದಳು. ಶಿವಕುಮಾರಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಕಳ್ಳರನ್ನು ಹುಡುಕಿಕೊಂಡು ತಿರುಗಿದ ಹೆಂಗಸು ಕಳ್ಳಿಯ ಹಾಗೆ ಮುಖ ಮುಚ್ಚಿಕೊಂಡದ್ದು ಇದೇ ಮೊದಲು.

ಆಸೀಫನ ತಾಯಿ ಗುಲ್ಷನ್‌ಬೀ ಹೊಲಿಗೆ ಮಷೀನಿನ ಮುಂದೆ ಕೂತು ಕುಪ್ಪಸದ ಅಂಚು ಹೊಲಿಯುತ್ತಿದ್ದಳು. ಲಿಂಗಸುಗೂರಿನ ಆ ಓಣಿಯಲ್ಲಿ ಎಲ್ಲರ ಕುಪ್ಪಸವೂ ಆಕೆಯ ಕೈಯಿಂದಲೇ ಆಗಬೇಕು. ನಾಲ್ಕು ದಿನದಿಂದ ಮಗ ಒಳಗಿದ್ದರೂ ಗಾಲಿ ತಿರುಗುತ್ತಲೇ ಇತ್ತು. ಶಿವಕುಮಾರಿಯನ್ನು ಕಂಡು ಕಾಲು ನಿಂತಿತು.

"ಬಾ ಬೇಟಿ, ಕುಂದ್ರು. ಚಾ ಇಡ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ಹಾಕಿಕೊಂಡಿದ್ದರೂ ತಡೆದುಕೊಳ್ಳುತ್ತಿದ್ದಳು. ಚಹಾ ಎಂದದ್ದನ್ನು ಮಾತ್ರ ಶಿವಕುಮಾರಿಗೆ ತಡೆಯಲಾಗಲಿಲ್ಲ.

"ಚಾ ಬ್ಯಾಡ್ರಿ ಚಾಚಿ. ಒಂದು ಮಾತು ಹೇಳಾಕ ಬಂದೀನ್ರಿ. ಕುಂತರ ಹೇಳಾಕ ಆಗಂಗಿಲ್ಲ."

"ನಿಂತಽ ಹೇಳು."

"ನಾ ಬರದು ಕೊಟ್ಟದ್ದು ತಪ್ಪರೀ. ಆ ಕಾಗದ ಆಸೀಫನ ಕಂಪ್ಯೂಟರಿಂದಽ ಬಂತು ಅಂತ ಹೇಳಾಕ ಬರಂಗಿಲ್ಲ. ಅವನ ಅಜ್ಜನ ಅಕ್ಷರ ಎಲ್ಲಾ ಕಡೆ ಹರಡ್ಯಾವು. ಹರಡಿದಾಕಿ ನಾನಽ. ಮರತು ಬಿಟ್ಟಿದ್ದೆ."

ಗುಲ್ಷನ್‌ಬೀ ಕತ್ತರಿಯನ್ನು ಕೆಳಗಿಟ್ಟಳು. ದಾರದ ಉಂಡೆಯನ್ನು ಡಬ್ಬಿಗೆ ಹಾಕಿದಳು. ಡಬ್ಬಿಯ ಮುಚ್ಚಳ ಮುಚ್ಚಿದಳು. ಆಮೇಲೆ ತಲೆ ಎತ್ತಿದಳು.

"ಮರತಿ?"

"ಹೂಂನ್ರಿ."

"ನಿನಗ ಅಕ್ಷರ ಕೊಟ್ಟ ದಿನ ನನ್ ಮಗ ಮನೀಗೆ ಬಂದು ಏನಂದ ಗೊತ್ತೈತೇನು? 'ಅಮ್ಮೀ, ದಾದಾ ಇನ್ಮ್ಯಾಲ ಸಾಯಂಗಿಲ್ಲ, ಶಿವಕುಮಾರಿ ಅಕ್ಕ ಉಳಸ್ತಾಳ' ಅಂದ. ಅವತ್ತು ಸೀರ್‌ಖುರ್ಮಾ ಮಾಡಿ ನಿಮ್ಮ ಮನೀಗೆ ಕಳಿಸಿದ್ದೆ. ಅದನ್ನೂ ಮರತಿ?"

ಶಿವಕುಮಾರಿಗೆ ನೆನಪಿತ್ತು. ಡಬ್ಬಿ ತೊಳೆದು ಖಾಲಿ ಕಳಿಸಬಾರದೆಂದು ಅವಳವ್ವ ಸಕ್ಕರೆ ತುಂಬಿ ಕಳಿಸಿದ್ದೂ ನೆನಪಿತ್ತು. ಫಾಂಟನ್ನು ಮಾತ್ರ ಮರೆತಿದ್ದಳು.

"ನನ್ ಮಗನ ಹೆಸರು ಬರಿಯಾಕ ಎಷ್ಟೊತ್ತು ಹಿಡೀತು ನಿನಗ?"

"ಹತ್ತು ನಿಮಿಷ."

"ಒಂದು ಕುಪ್ಪಸ ಬಿಗಿ ಆದ್ರ ನಾ ಎರಡು ಸಲ ಬಿಚ್ಚಿ ಹೊಲೀತೀನಿ." ಗುಲ್ಷನ್‌ಬೀ ಕುಪ್ಪಸವನ್ನು ಪಕ್ಕಕ್ಕೆ ಸರಿಸಿದಳು. "ನಿನ್ನೆ ನೋಡಾಕ ಹೋಗಿದ್ದೆ. ಬಿಕ್ಕಿ ಬಿಕ್ಕಿ ಅತ್ತ. 'ಅಕ್ಕ ಬರದಾಳಂದ್ರ ಏನರ ಇರಬೇಕಮ್ಮೀ, ನನ್ನ ಕಂಪ್ಯೂಟರಿಗೆ ಯಾರರ ಕೈ ಹಾಕಿರಬೇಕು' ಅಂದ. ನಿನ್ನ ಮ್ಯಾಲ ಒಂದು ಮಾತು ಆಡಲಿಲ್ಲ."

ಶಿವಕುಮಾರಿ ಕೂತುಬಿಟ್ಟಳು. ತಲೆ ತಗ್ಗಿಸಿ ಅತ್ತಳು. ಗುಲ್ಷನ್‌ಬೀ ಸಮಾಧಾನ ಮಾಡಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಅಳು ತಾನಾಗಿಯೇ ಮುಗಿಯಲಿ ಎಂದು ಕಾದಳು.

"ಆತು. ಈಗ ಏನು ಮಾಡ್ತಿ, ಅದನ್ನ ಹೇಳು."

"ಯಾರ ಕಂಪ್ಯೂಟರ್ ಅಂತ ಹೇಳಿದ್ರ ಇವತ್ತಽ ಬಿಡ್ತೀವಿ ಅಂದಾರ್ರಿ. ಇಲ್ಲಾಂದ್ರ ನಾಳೆ ಕೋರ್ಟ್."

"ಹಂಗಾದ್ರ ಹೇಳು."

"ಹೆಂಗ ಹೇಳಲ್ರಿ ಚಾಚಿ? ಉರ್ದು ಎಲ್ಲಾ ಕಡೆ ಒಂದಽ ಥರ ಬರತೈತಿ ಈಗ."

"ಕಾಗದ ತೋರಸು."

ಕಾಗದದ ದೊಡ್ಡ ಪ್ರತಿಯೊಂದು ಶಿವಕುಮಾರಿಯ ಚೀಲದಲ್ಲಿತ್ತು. ಮೂಲ ಪೊಲೀಸರ ಬಳಿ. ಮೇಲೆ ಕನ್ನಡದಲ್ಲಿ ನಾಲ್ಕು ಸಾಲು: ನಾನು ನನ್ನ ಮನಸ್ಸಿನಿಂದಲೇ ಹೋಗಿದ್ದೇನೆ, ಹುಡುಕಬೇಡಿ. ಅದರ ಕೆಳಗೆ ಅದೇ ಮಾತು ಉರ್ದುವಿನಲ್ಲಿ ಒಂದು ಸಾಲು, ತೆಲುಗಿನಲ್ಲಿ ಒಂದು ಸಾಲು. ಕರಿಬಸಪ್ಪ ಯಾವ ಕಾಗದ ಬರೆದರೂ ಹಾಗೆಯೇ ಮೂರು ಲಿಪಿಯಲ್ಲಿ ಮುಗಿಸುತ್ತಿದ್ದ. ಆತನ ಮೇಜಿಗೆ ಬರುವವರಲ್ಲಿ ಮೂರೂ ಬಗೆಯವರಿದ್ದರು.

ಗುಲ್ಷನ್‌ಬೀ ಕನ್ನಡಕ ಹಾಕಿಕೊಂಡು ಪ್ರತಿಯನ್ನು ಬೆಳಕಿಗೆ ಹಿಡಿದಳು. ಉರ್ದು ಸಾಲಿನ ಮೇಲೆ ಬೆರಳಾಡಿಸಿ, "ಹೌದು, ಮಾವನವರ ಕೈ" ಎಂದು ಮೆಲ್ಲಗೆ ಹೇಳಿದಳು. ಬೆರಳು ಕೆಳಗಿನ ಸಾಲಿಗೆ ಇಳಿದು ನಿಂತಿತು.

"ಇದೇನು?"

"ತೆಲುಗು ರೀ. ಹುಡುಕಬ್ಯಾಡ್ರಿ ಅಂತ ಬರದೈತಿ."

"ನನಗ ಓದಾಕ ಬರಂಗಿಲ್ಲ. ಆದ್ರ ಇದೊಂದು ಅಕ್ಷರ ಬ್ಯಾರೆ ದಾರದಾಗ ಹೊಲದಂಗೈತಲ್ಲ? ದಪ್ಪ ದಾರ. ಇಲ್ಲೊಂದು ನೋಡು. ಇಲ್ಲೊಂದು."

ಶಿವಕುಮಾರಿ ಅದನ್ನು ಮೊದಲ ದಿನವೇ ನೋಡಿದ್ದಳು. ಪ್ರಿಂಟರಿನ ಮಸಿ ಹರಡಿರಬೇಕು ಎಂದು ಬಿಟ್ಟಿದ್ದಳು. ಉರ್ದುವಿನ ಬೆನ್ನು ಹತ್ತಿದವಳಿಗೆ ತೆಲುಗಿನ ಕಡೆ ಎರಡನೆಯ ಸಲ ನೋಡುವ ತಾಳ್ಮೆ ಎಲ್ಲಿತ್ತು?

ಈಗ ನೋಡಿದಳು. ಮಸಿ ಹರಡಿದರೆ ಅಕ್ಕಪಕ್ಕಕ್ಕೂ ಹರಡುತ್ತದೆ. ಇಲ್ಲಿ ಸಾಲಿನ ಎಲ್ಲ ಅಕ್ಷರ ತೆಳ್ಳಗೆ, 'ಡ' ಮಾತ್ರ ದಪ್ಪ. ಎರಡು ಕಡೆ ಬಂದಿದೆ, ಎರಡು ಕಡೆಯೂ ದಪ್ಪ.

ಪ್ರತಿಯನ್ನು ಮಡಿಲಿಗೆ ಇಳಿಸಿದಳು.

'ಬಯಲು' ಪ್ರೋಗ್ರಾಮಿನ ಹೊಟ್ಟೆಯಲ್ಲಿ ತೆಲುಗು ಇರಲಿಲ್ಲ. ತೆಲುಗು ಬೇಕಾದರೆ ಅದು ಆಯಾ ಕಂಪ್ಯೂಟರಿನಲ್ಲಿ ಇದ್ದದ್ದನ್ನು ತಂದುಕೊಳ್ಳಬೇಕು. ತೆಳ್ಳಗಿನ ತೆಲುಗು ಫಾಂಟ್ ಒಂದನ್ನು ಹಿಂದೊಮ್ಮೆ ಯಾರೋ ಕಟ್ಟಲು ಹೊರಟಿದ್ದರು. ಎಲ್ಲ ಅಕ್ಷರ ಬರೆದು, 'ಡ' ಮನಸ್ಸಿಗೆ ಬರುವ ಹಾಗೆ ಆಗಲಿಲ್ಲವೆಂದು ನಾಳೆ ಬರೆದರಾಯಿತು ಎಂದು ಬಿಟ್ಟರು. ಆ ನಾಳೆ ಬರಲೇ ಇಲ್ಲ. ಹಾಗಾಗಿ ಅಲ್ಲಿ 'ಡ' ಬಂದಾಗಲೆಲ್ಲ ಕಂಪ್ಯೂಟರು ಮತ್ತೊಂದು ದಪ್ಪ ಫಾಂಟಿನಿಂದ ಆ ಒಂದೇ ಅಕ್ಷರ ತಂದು ತೇಪೆ ಹಾಕುತ್ತಿತ್ತು.

ಆ ಯಾರೋ ಬೇರೆ ಯಾರೂ ಅಲ್ಲ, ಶಿವಕುಮಾರಿ. ಆ ಅರೆಬರೆ ಫಾಂಟನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಅದು ಇದ್ದದ್ದು, 'ಬಯಲು' ಪ್ರೋಗ್ರಾಮಿನ ಹಳೆಯ ನಕಲಿನ ಜೊತೆಗೆ, ಅವಳ ಹಳೆಯ ಕಂಪ್ಯೂಟರ್ ಒಂದರಲ್ಲಿ. ಆ ಕಂಪ್ಯೂಟರನ್ನು ಹೋದ ವರ್ಷ ವಳಕಮದಿನ್ನಿಗೆ, ತನ್ನ ಸ್ವಂತ ಅಣ್ಣ ಬಸವಲಿಂಗನಿಗೆ ಕೊಟ್ಟಿದ್ದಳು. ಅವನ ಬೀಜ ಗೊಬ್ಬರದ ಅಂಗಡಿಗೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರು ಬರುತ್ತಾರೆ, ಎರಡೂ ಭಾಷೆಯಲ್ಲಿ ಸೂಚನೆ ಅಂಟಿಸಲು ಬೇಕೆಂದು ಅವನೇ ಕೇಳಿ ಒಯ್ದಿದ್ದ.

ಆಸೀಫನನ್ನು ಹಿಡಿದ ಸಂಜೆ ಅಣ್ಣ ಫೋನ್ ಮಾಡಿ, "ಭಾಳ ಛಲೋ ಕೆಲಸ ಮಾಡಿದಿ ತಂಗಿ" ಎಂದದ್ದು ಈಗ ಕಿವಿಯಲ್ಲಿ ಕೇಳಿಸಿತು. ಅಣ್ಣನಿಗೆ ನನ್ನ ಮೇಲೆ ಎಷ್ಟು ಅಭಿಮಾನ ಎಂದು ಆಗ ಹಿಗ್ಗಿದ್ದಳು.

"ಗೊತ್ತಾತೇನು?" ಗುಲ್ಷನ್‌ಬೀ ಅವಳ ಮುಖವನ್ನೇ ನೋಡುತ್ತಿದ್ದಳು.

"ಒಂದು ಫೋನ್ ಮಾಡಿ ಬರ್ತೀನ್ರಿ."

ಅಂಗಳಕ್ಕೆ ಬಂದಳು. ಮೂರೂ ಕಾಲು ಗಂಟೆಯ ಬಿಸಿಲು. ಒಣಹಾಕಿದ ಬಟ್ಟೆಗಳ ಮರೆಗೆ ನಿಂತು ಬಸವಲಿಂಗನ ನಂಬರು ಒತ್ತಿದಳು.

"ಹಾಂ ಹೇಳು ತಂಗಿ."

"ಅಣ್ಣಾ, ನಾ ಕೊಟ್ಟ ಹಳೇ ಕಂಪ್ಯೂಟರ್ ಐತೇನು?"

"ಐತಿ. ಯಾಕ?"

"ಅದ್ರಾಗ ಕರಿಬಸಪ್ಪ ಮಾಮಾ ಕಾಗದ ಬರದಾನ."

ಪ್ರಶ್ನೆಯ ಹಾಗೆ ಕೇಳಬೇಕೆಂದಿದ್ದಳು. ಹಾಗೆ ಬರಲಿಲ್ಲ. ಆ ಕಡೆ ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ಎಲ್ಲಿದಿ ನೀ?"

"ಲಿಂಗಸುಗೂರಾಗ. ಆಸೀಫನ ಮನ್ಯಾಗ."

"ಪಕ್ಕಕ್ಕ ಯಾರರ ಅದಾರೇನು?"

"ಇಲ್ಲ. ಹೇಳು ಅಣ್ಣಾ. ಹೌದೋ ಅಲ್ಲೋ?"

"ಹೌದು." ಬಸವಲಿಂಗನ ದನಿ ತಗ್ಗಿತು. "ಅವನಽ ಕುಂತು ಬರದಾನ. ನಾ ಅಂಚೀಗೆ ಹಾಕೀನಿ, ಅಷ್ಟಽ. ಅವನ ಜೀವಕ್ಕ ಸಂಚಕಾರ ಐತಿ ತಂಗಿ. ಯಾರಿಂದ ಅಂತ ಕೇಳಬ್ಯಾಡ. ನಾಕು ದಿನ ಮರೀಗೆ ಇರ್ತೀನಿ ಅಂದ, ಇಟ್ಟೀನಿ."

"ಮಾಮಾ ಜೀವಂತ ಅದಾನ?"

"ಅದಾನ ಅಂದ್ರ? ಈಗ ನನ್ನ ಎದುರಿಗೇ ಕುಂತಾನ. ರೊಟ್ಟಿ ತಿನ್ನಾಕತ್ತಾನ."

ಶಿವಕುಮಾರಿಗೆ ಅಳುವೂ ಬಂತು, ನಗುವೂ ಬಂತು. "ಫೋನ್ ಕೊಡು ಅವಂಗ."

"ಬ್ಯಾಡ. ಅಂಜ್ಯಾನ, ಫೋನ್ ಮುಟ್ಟಂಗಿಲ್ಲ. ನೀ ಬಾಯಿ ಬಿಟ್ಟಿ ಅಂದ್ರ ಅವನ್ನ ಉಳಿಸಾಕ ಆಗಂಗಿಲ್ಲ ನೋಡು. ನಾಕು ದಿನ ಸುಮ್ನಿರು."

"ಆಸೀಫ ಒಳಗ ಅದಾನ ಅಣ್ಣಾ!"

"ಹುಡುಗ, ತಡಕೋತಾನ. ಆಮ್ಯಾಲ ಬಿಡಸೋಣ." ಅಣ್ಣ ಬೇಡಿಕೊಂಡ. "ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಹೆಸರು ಹೇಳಬ್ಯಾಡ."

ಅಣ್ಣ ಎಂದೂ ಹಾಗೆ ಮಾತಾಡಿದವನಲ್ಲ. ಅಪ್ಪ ಸತ್ತ ಮೇಲೆ ಅವಳನ್ನು ಓದಿಸಿದವನು, ಮೊದಲ ಕಂಪ್ಯೂಟರ್ ತಂದುಕೊಟ್ಟವನು, ಊರವರು ಆಡಿಕೊಂಡಾಗ ಬಾಗಿಲಿಗೆ ಅಡ್ಡ ನಿಂತವನು. ಫೋನ್ ಕೈಯಲ್ಲಿ ಹಿಡಿದು ಅವಳು ಬಟ್ಟೆಗಳ ನಡುವೆ ನಿಂತಳು. ಪಕ್ಕದ ಹಗ್ಗದ ಮೇಲೆ ಆಸೀಫನ ಎರಡು ಅಂಗಿಗಳಿದ್ದವು. ಮಗ ಬರುತ್ತಾನೆಂದು ಒಗೆದು ಹಾಕಿದ್ದಳು ತಾಯಿ.

ಅಣ್ಣನ ಹೆಸರು ಬರೆದರೆ ಕರಿಬಸಪ್ಪನ ಜೀವಕ್ಕೆ ಕುತ್ತು. ಬರೆಯದಿದ್ದರೆ ನಾಳೆ ಹನ್ನೊಂದಕ್ಕೆ ಆಸೀಫ ಕೋರ್ಟಿನಲ್ಲಿ. ಮಾಡಿದ ತಪ್ಪು ಒಬ್ಬಳದು, ಅನುಭವಿಸುವವರು ಸಾಲುಗಟ್ಟಿ ನಿಂತಿದ್ದರು.

ಒಳಗೆ ಹೋಗಿ ಗುಲ್ಷನ್‌ಬೀಯ ಹತ್ತಿರ ಒಂದು ಬಿಳಿ ಹಾಳೆ ಕೇಳಿದಳು. ಕಂಪ್ಯೂಟರಿನ ಸಹವಾಸ ಸಾಕಾಗಿತ್ತು, ಕೈಯಿಂದಲೇ ಬರೆದಳು. ನನ್ನ ಮೊದಲಿನ ವರದಿ ತಪ್ಪು. ಆಸೀಫನ ಕಂಪ್ಯೂಟರಿನಿಂದ ಈ ಕಾಗದ ಹೊರಟಿಲ್ಲ. ತೆಲುಗು ಸಾಲಿನ ಎರಡು ದಪ್ಪ ಅಕ್ಷರಗಳಿಂದ, ಇದನ್ನು ಬರೆದ ಕಂಪ್ಯೂಟರ್ ಯಾರದೆಂದು ಖಚಿತವಾಗಿದೆ.

ಇಲ್ಲಿ ಪೆನ್ನು ನಿಂತಿತು. ಆಮೇಲೆ ಬರೆದಳು: ಆ ಕಂಪ್ಯೂಟರ್ ನನ್ನದು.

ಸುಳ್ಳಲ್ಲ. ಕೊಂಡ ರಸೀದಿ ಇಂದಿಗೂ ಅವಳ ಹೆಸರಿನಲ್ಲಿದೆ. ಸಹಿ ಹಾಕಿ, ಫೋಟೋ ತೆಗೆದು ಶಿವಕಾಂತನಿಗೆ ಕಳಿಸಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು.

ಗುಲ್ಷನ್‌ಬೀ ಹಾಳೆ ಎತ್ತಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು.

"ನಿಂದು? ನೀ ಯಾಕ ಕರಿಬಸಪ್ಪನ್ನ ಹಿಡದಿಡ್ತಿ? ಫೋನಿನ್ಯಾಗ ಯಾರ ಕೂಡ ಮಾತಾಡಿದಿ?"

ಉತ್ತರ ಹುಡುಕುವಷ್ಟರಲ್ಲಿ ಶಿವಕಾಂತನ ಫೋನ್ ಬಂತು.

"ಮೇಡಂ, ನಿಮ್ಮ ಫೋಟೋ ಬಂತು. ಎಲ್ಲಿದೀರಿ? ಅಲ್ಲೇ ಇರ್ರಿ, ಜೀಪ್ ಕಳಸಾಕತ್ತೀನಿ."

"ಆಸೀಫನ್ನ ಬಿಡ್ತೀರೇನ್ರಿ?"

"ಬಿಡ್ತೀವಿ. ಅದಕ್ಕ ನಿಮ್ಮ ಚೀಟಿ ಬೇಕಾಗಿಲ್ರಿ ಈಗ. ಮಧ್ಯಾಹ್ನ ಕಾಲುವ್ಯಾಗ ಕರಿಬಸಪ್ಪನ ಹೆಣ ಸಿಕ್ತು. ಈಗ ಆಸ್ಪತ್ರ್ಯಾಗ ಐತಿ. ಮಗಳು ಬಂದು ಗುರುತು ಹಿಡದಾಳ."

ಈಗ ನನ್ನ ಎದುರಿಗೇ ಕುಂತಾನ. ರೊಟ್ಟಿ ತಿನ್ನಾಕತ್ತಾನ.

ಅಣ್ಣ ಈಗಷ್ಟೇ ಆಡಿದ ಮಾತು ಅದು. "ಯಾವಾಗ... ಯಾವಾಗ ತೀರ್ಯಾನ್ರಿ?"

"ಎರಡು ದಿನ ಆಗೈತಿ ಅಂತಾರ ಡಾಕ್ಟರು. ಆಸೀಫ ನಾಕು ದಿನದಿಂದ ನಮ್ಮ ಕಡೇನಽ ಅದಾನಲ್ಲ, ಅವನ ಮ್ಯಾಲ ಇನ್ನೇನು ಹೊರಸ್ತೀರಿ?" ಶಿವಕಾಂತ ಸಿಟ್ಟಿನಿಂದಲ್ಲ, ಬೇಸತ್ತು ಮಾತಾಡುತ್ತಿದ್ದ. "ಮೇಡಂ, ಕಳ್ಳ ಸಿಕ್ಕ ಅಂತ ಹೇಳಿ ಅವತ್ತಽ ನಾವು ಹುಡುಕೋದು ನಿಲ್ಲಿಸಿದ್ವಿ. ಆಮ್ಯಾಲ ಎರಡು ದಿನ ಆ ಮುದುಕ ಎಲ್ಲೋ ಬದುಕಿದ್ದ. ನಾವು ಹುಡುಕಲಿಲ್ಲ."

ಅವಳು ಕಣ್ಣು ಮುಚ್ಚಿದಳು. ಮಸ್ಕಿಯಲ್ಲಿ ಆ ಕುರ್ಚಿ ಈಗ ಖಾಲಿ ಇರಬೇಕು.

ಗುಲ್ಷನ್‌ಬೀಗೆ ಕೇಳಿಸಿದ್ದು 'ಬಿಡ್ತೀವಿ' ಎಂಬ ಒಂದೇ ಮಾತು. ಮುದುಕಿಯ ಮುಖ ಅರಳಿತು. ಶಿವಕುಮಾರಿಯ ಎರಡೂ ಕೆನ್ನೆಯನ್ನು ನೇವರಿಸಿ, ಬೆರಳುಗಳನ್ನು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು. "ನೂರು ವರ್ಷ ಬಾಳು ಬೇಟಿ. ನನ್ ಮಗನ್ನ ಕೊಟ್ಟಿ ನೀ" ಎಂದಳು.

ಫೋನಿನಲ್ಲಿ ಶಿವಕಾಂತ ಇನ್ನೂ ಕಾಯುತ್ತಿದ್ದ.

"ಮೇಡಂ, ಕೇಳಸ್ತೈತೇನ್ರಿ? ನಿಮ್ಮ ಆ ಕಂಪ್ಯೂಟರ್ ಈಗ ಯಾರ ಮನ್ಯಾಗ ಐತಿ?"